ಸಂಘದ ಪದಾಧಿಕಾರಿಗಳಿಗೆ ಎಷ್ಟು ಅಧಿಕಾರ ಕೊಡಬೇಕು? ಕಾಸರಗೋಡಿನ ಊರ ಸಂಘಗಳಿಗೆ ಒಂದು ಮಾರ್ಗದರ್ಶಿ

ಮಂಜೇಶ್ವರದಿಂದ ಅಡೂರಿನವರೆಗೆ ಯಾವ ಊರಿನ ಯುವಕ ಸಂಘದವರು, ಕಲಾ ಸಂಘದವರು, ವಾಚನಾಲಯದವರು ಮಾತಿಗೆ ಸಿಕ್ಕಿದರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಸಮಿತಿಯನ್ನು ಕೇಳದೆ ಕಾರ್ಯದರ್ಶಿ ಎಷ್ಟರವರೆಗೆ ಮುಂದುವರಿಯಬಹುದು? ಇದನ್ನೇ ಕಾರ್ಯದರ್ಶಿಗಳು ಕೇಳುವಾಗ ಪ್ರಶ್ನೆ ತಿರುಗಿ ನಿಲ್ಲುತ್ತದೆ: ಶಾಮಿಯಾನದವರಿಗೆ ಐನೂರು ರೂಪಾಯಿ ಮುಂಗಡ ಕೊಡುವುದಕ್ಕೂ ಸಭೆ ಕರೆಯಬೇಕಾದರೆ ಕೆಲಸ ಸಾಗುವುದು ಹೇಗೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಎಲ್ಲವನ್ನೂ ಒಬ್ಬರಿಗೆ ಬಿಟ್ಟುಕೊಟ್ಟು ಲೆಕ್ಕ ಕೇಳುವ ಹೊತ್ತಿಗೆ ಒಡೆದುಹೋದ ಸಂಘಗಳಿವೆ. ಪ್ರತಿ ಸಣ್ಣ ವಿಷಯಕ್ಕೂ ಸಮಿತಿಯ ಒಪ್ಪಿಗೆ ಬೇಕೆಂದು ಕಟ್ಟಿಹಾಕಿದ್ದರಿಂದ ಉತ್ಸಾಹದ ಕಾರ್ಯದರ್ಶಿ ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟು, ಮುಂದೆ ಆ ಹುದ್ದೆಗೆ ಯಾರೂ ಒಪ್ಪದೆ ಬಾಗಿಲು ಹಾಕಿದ ಸಂಘಗಳೂ ಅಷ್ಟೇ ಇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ತಪ್ಪಾದರೆ ತಿದ್ದಿಕೊಳ್ಳಬಹುದಾದ ಕೆಲಸಗಳಲ್ಲಿ ಪದಾಧಿಕಾರಿಗೆ ಈಗ ನಾವು ಕೊಡುತ್ತಿರುವುದಕ್ಕಿಂತ ಹೆಚ್ಚಿನ ಸ್ವಾತಂತ್ರ್ಯ ಇರಬೇಕು. ಒಮ್ಮೆ ಮಾಡಿದರೆ ಹಿಂದಕ್ಕೆ ತೆಗೆದುಕೊಳ್ಳಲಾಗದ ಕೆಲಸಗಳಲ್ಲಿ, ವ್ಯಕ್ತಿ ಎಷ್ಟೇ ನಂಬಿಗಸ್ತನಾದರೂ, ಒಬ್ಬನೇ ನಿರ್ಧರಿಸುವಂತಿರಬಾರದು. ಇವೆರಡರ ನಡುವಿನ ಗೆರೆಯನ್ನು ಮನಸ್ತಾಪ ಹುಟ್ಟುವ ಮೊದಲೇ ಬರವಣಿಗೆಯಲ್ಲಿ ಎಳೆದಿಡಬೇಕು. ಆ ಗೆರೆಯನ್ನು ಎಳೆಯುವ ಕ್ರಮ ಹೀಗಿದೆ.

ಮೊದಲು ಕೈಗೆ ತೆಗೆದುಕೊಳ್ಳಬೇಕಾದವು

ಸಂಘದ ನೋಂದಣಿ ಪ್ರಮಾಣಪತ್ರ, ಬೈಲಾದ ಪ್ರತಿ, ಕಳೆದ ಎರಡು ಮೂರು ವರ್ಷಗಳ ನಿರ್ಣಯ ಪುಸ್ತಕ, ನಗದು ಪುಸ್ತಕ ಮತ್ತು ಬ್ಯಾಂಕಿನ ಪಾಸ್‌ಬುಕ್, ಇಷ್ಟು ಸಾಕು. ಬೈಲಾ ಎಂದರೆ ಸಂಘವು ತನಗೆ ತಾನೇ ಮಾಡಿಕೊಂಡು ನೋಂದಣಿಯ ಸಮಯದಲ್ಲಿ ಕಚೇರಿಗೆ ಒಪ್ಪಿಸಿದ ನಿಯಮಾವಳಿ. ಮಹಾಸಭೆ ಎಂದರೆ ಎಲ್ಲ ಸದಸ್ಯರ ಸಭೆ. ಅದು ಆರಿಸಿದ ಕೆಲವೇ ಮಂದಿಯ ಕೂಟ ಕಾರ್ಯಕಾರಿ ಸಮಿತಿ. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಮೊದಲಾದ ಹೊಣೆ ಹೊತ್ತವರು ಪದಾಧಿಕಾರಿಗಳು. ಸಭೆಯ ತೀರ್ಮಾನ ಊರ್ಜಿತವಾಗಲು ಹಾಜರಿರಲೇಬೇಕಾದ ಕನಿಷ್ಠ ಸಂಖ್ಯೆಗೆ ಕೋರಂ ಎನ್ನುತ್ತಾರೆ.

ಹಂತ 1: ಕಾನೂನಿನ ಕಣ್ಣಿಗೆ ನಿಮ್ಮ ಸಂಘ ಏನು ಎಂಬುದನ್ನು ನೋಡಿಕೊಳ್ಳಿ

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಕೇರಳದ ತೆಂಕಣ ಜಿಲ್ಲೆಗಳಿಗೆ ಅನ್ವಯಿಸುವ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಇಲ್ಲಿ ನಡೆಯುವುದು 1860ರ ಸಂಘಗಳ ನೋಂದಣಿ ಕಾಯ್ದೆ. ಇದರಿಂದ ಒಂದು ತಪ್ಪು ಆಗಾಗ ನುಸುಳುತ್ತದೆ. ಮಂಗಳೂರಿನ ಪರಿಚಯದ ಸಂಘದ ಬೈಲಾವನ್ನು ತಂದು ಹೆಸರು ಬದಲಿಸಿಕೊಂಡವರ ನಿಯಮಗಳಲ್ಲಿ 1960ರ ಕರ್ನಾಟಕ ಕಾಯ್ದೆಯ ಕಲಮುಗಳು ಉಳಿದುಕೊಂಡಿರುತ್ತವೆ; ಕೊಚ್ಚಿಯ ಕಡೆಯ ಮಾದರಿ ತಂದವರಲ್ಲಿ 1955ರ ಕಾಯ್ದೆಯವು. ವಿವಾದ ಬಂದ ದಿನ ಎರಡೂ ಉಪಯೋಗಕ್ಕೆ ಬಾರವು.

1860ರ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಮಾತುಗಳು ಕೆಲವೇ. ಟ್ರಸ್ಟಿಗಳು ಬೇರೆ ಇಲ್ಲದಿದ್ದರೆ ಸಂಘದ ಸ್ವತ್ತು ಆಡಳಿತ ಸಮಿತಿಯಲ್ಲಿ ನೆಲೆಸಿರುತ್ತದೆ, ಯಾವ ಒಬ್ಬ ಪದಾಧಿಕಾರಿಯಲ್ಲೂ ಅಲ್ಲ (5ನೆಯ ಕಲಮು). ಸಂಘದ ಪರವಾಗಿ ದಾವೆ ಹೂಡುವುದು ಅಧ್ಯಕ್ಷರ ಹೆಸರಿನಲ್ಲೋ ಕಾರ್ಯದರ್ಶಿಯ ಹೆಸರಿನಲ್ಲೋ ಎಂಬುದು ನಿಮ್ಮ ನಿಯಮಾವಳಿಯನ್ನು ಅವಲಂಬಿಸುತ್ತದೆ (6ನೆಯ ಕಲಮು). ಆದರೆ ಕಾರ್ಯದರ್ಶಿ ಎಷ್ಟು ಖರ್ಚು ಮಾಡಬಹುದು, ಅಧ್ಯಕ್ಷರು ಯಾವುದನ್ನು ತಡೆಯಬಹುದು ಎಂಬ ಬಗ್ಗೆ ಕಾಯ್ದೆ ಏನನ್ನೂ ಹೇಳುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ನೋಂದಣಿಯೇ ಆಗದ ಸಂಘವಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅದಕ್ಕೆ ಕಾನೂನಿನಲ್ಲಿ ಸ್ವಂತ ಅಸ್ತಿತ್ವ ಇಲ್ಲದ ಕಾರಣ, ಧ್ವನಿವರ್ಧಕದವರಿಗೋ ಅಡುಗೆಯವರಿಗೋ ಬಾಕಿ ಉಳಿದರೆ ಮಾತು ಕೊಟ್ಟವರು ಮತ್ತು ಸಹಿ ಹಾಕಿದವರು ತಮ್ಮ ಕಿಸೆಯಿಂದಲೇ ಉತ್ತರಿಸಬೇಕಾಗಿ ಬರಬಹುದು.

ಹಂತ 2: ಬೈಲಾವನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಓದಿ

ನಮ್ಮ ಕಡೆಯ ಅನೇಕ ಸಂಘಗಳ ಬೈಲಾ ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇದೆ. ಸಭೆ ನಡೆಯುವುದು ತುಳುವಿನಲ್ಲಿ, ನಿರ್ಣಯ ಬರೆಯುವುದು ಕನ್ನಡದಲ್ಲಿ. ಹೀಗಾಗಿ ಬೈಲಾದಲ್ಲಿ ಏನಿದೆ ಎಂಬುದು ಒಬ್ಬಿಬ್ಬರಿಗಷ್ಟೇ ಗೊತ್ತಿರುತ್ತದೆ, ಮತ್ತು ಗೊತ್ತಿದ್ದವರೇ ತಾವಾಗಿ ಅಧಿಕಾರಸ್ಥರಾಗುತ್ತಾರೆ. ನೋಂದಣಿಯಾದ ಪ್ರತಿಯೇ ಅಧಿಕೃತ ಎಂದು ತಲೆಯಲ್ಲಿ ಬರೆದು, ಕನ್ನಡ ಅನುವಾದವೊಂದನ್ನು ಮಾಡಿಸಿ ಸಂಘದ ಕೋಣೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ಇಡಿ.

ಓದುವಾಗ ಪ್ರತಿಯೊಂದು ಹುದ್ದೆಗೂ ಏನೇನು ಮಾಡಬಹುದು ಎಂದು ಬರೆದಿದೆಯೋ ಅದನ್ನಷ್ಟೇ ಪ್ರತ್ಯೇಕ ಹಾಳೆಯಲ್ಲಿ ಇಳಿಸಿಕೊಳ್ಳಿ. ಬೈಲಾ ಸುಮ್ಮನಿರುವ ವಿಷಯಗಳಲ್ಲಿ ಅಧಿಕಾರ ಸಮಿತಿಯದು ಎಂದು ತಿಳಿಯುವುದೇ ಕ್ಷೇಮ. “ಹಿಂದಿನಿಂದಲೂ ಹೀಗೇ ನಡೆದುಕೊಂಡು ಬಂದಿದೆ” ಎಂಬುದು ಎಲ್ಲರೂ ಒಮ್ಮತದಲ್ಲಿರುವವರೆಗೆ ಮಾತ್ರ ನಡೆಯುವ ಮಾತು.

ಹಂತ 3: ಒಂದು ವರ್ಷದ ತೀರ್ಮಾನಗಳನ್ನು ಪಟ್ಟಿ ಮಾಡಿ ಬೇರ್ಪಡಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ; ಒಂದು ಸಂಜೆ ಪೂರ್ತಿ ಇದಕ್ಕೇ ಮೀಸಲಿಡಿ. ನಿರ್ಣಯ ಪುಸ್ತಕ ಮತ್ತು ನಗದು ಪುಸ್ತಕ ಮುಂದಿಟ್ಟುಕೊಂಡು, ಕಳೆದ ವರ್ಷ ಸಂಘದ ಹೆಸರಿನಲ್ಲಿ ಆದ ಪ್ರತಿಯೊಂದು ತೀರ್ಮಾನವನ್ನೂ ಬರೆಯಿರಿ. ನೋಟೀಸು ಅಚ್ಚುಹಾಕಿಸಿದ್ದು, ವಾಲಿಬಾಲ್ ನೆಟ್ ಕೊಂಡದ್ದು, ಅಭ್ಯಾಸದ ಸಮಯ ಬದಲಿಸಿದ್ದು, ಅತಿಥಿಗಳನ್ನು ಕರೆದದ್ದು, ಯಕ್ಷಗಾನದ ಆಟ ಆಡಿಸಿದ್ದು, ಕಟ್ಟಡಕ್ಕೆ ಬಣ್ಣ ಬಳಿಸಿದ್ದು, ಒಬ್ಬ ಸದಸ್ಯನನ್ನು ಸಭೆಗೆ ಬರಬೇಡವೆಂದದ್ದು, ಎಲ್ಲವೂ ಇರಲಿ. ಆಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ: ಇದು ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತೇ? ತಪ್ಪಿನ ಭಾರ ಯಾರ ಮೇಲೆ ಬೀಳುತ್ತಿತ್ತು?

ಅಭ್ಯಾಸದ ಸಮಯ ಸರಿಬಾರದಿದ್ದರೆ ಮುಂದಿನ ವಾರ ಬದಲಿಸಬಹುದು. ಅದನ್ನು ಕ್ರೀಡಾ ಕಾರ್ಯದರ್ಶಿಗೆ ಪೂರ್ತಿಯಾಗಿ ಬಿಟ್ಟುಬಿಡಿ, ಸಮಿತಿ ಅದರ ತಂಟೆಗೆ ಹೋಗುವುದೇ ಬೇಡ. ಇನ್ನೂರು ನೋಟೀಸು ಅಚ್ಚಾದದ್ದರಲ್ಲಿ ತಪ್ಪಿದ್ದರೆ ನಷ್ಟ ಸಣ್ಣದು. ಆದರೆ ಯಕ್ಷಗಾನ ಮೇಳದೊಂದಿಗೆ ಬಯಲಾಟ ನಿಶ್ಚಯಿಸಿ ವೀಳ್ಯದ, ಅಂದರೆ ಮೇಳಕ್ಕೆ ಸಲ್ಲುವ ಹಣದ, ಮುಂಗಡ ಕೊಡುವುದು ಹಾಗಲ್ಲ. ಮೇ ತಿಂಗಳ ಉತ್ತರಾರ್ಧದಲ್ಲಿ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುವುದರೊಳಗೆ ಸಿಗುವ ದಿನಗಳು ಎಣಿಕೆಯವು. ಒಪ್ಪಿದ ದಿನ ಬಿಟ್ಟರೆ ಮೇಳಕ್ಕೂ ನಷ್ಟ, ಸಂಘದ ಮಾತಿಗೂ ಬೆಲೆಯಿಲ್ಲ. ಆ ತೀರ್ಮಾನ ಸಮಿತಿಯದೇ ಆಗಿರಬೇಕು. ಸಮಿತಿ ಒಮ್ಮೆ ನಿಶ್ಚಯಿಸಿದ ಮೇಲೆ ಚಪ್ಪರ, ದೀಪ, ಊಟ, ಆಮಂತ್ರಣ ಇವುಗಳನ್ನು ಒಪ್ಪಿದ ಅಂದಾಜಿನೊಳಗೆ ಸಂಚಾಲಕರೇ ನೋಡಿಕೊಳ್ಳಲಿ.

ಹೆಚ್ಚಿನ ಸಂಘಗಳು ಇಲ್ಲಿ ಮಾಡುವ ತಪ್ಪೆಂದರೆ ಅಧಿಕಾರವನ್ನು ಬರೇ ರೂಪಾಯಿಯಲ್ಲಿ ಅಳೆಯುವುದು. ಮಿತಿ ಬೇಕು, ನಿಜ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಆಸುಪಾಸು ಖರ್ಚಿರುವ ಸಂಘದಲ್ಲಿ ಒಂದು ಸಲಕ್ಕೆ 2,000, ತಿಂಗಳಿಗೆ ಒಟ್ಟು 5,000 ರೂಪಾಯಿವರೆಗೆ ಕಾರ್ಯದರ್ಶಿ ಯಾರನ್ನೂ ಕೇಳದೆ ಖರ್ಚು ಮಾಡಬಹುದು ಎಂಬುದು ನನಗೆ ಹಿತವಾಗಿ ಕಾಣುವ ಅಳತೆ. ತಿಂಗಳ ಮಿತಿಯನ್ನು ಬಿಡಬೇಡಿ. ಬಿಟ್ಟರೆ 6,000 ರೂಪಾಯಿಯ ಕೆಲಸ ಮೂರು ಬಿಲ್ಲುಗಳಾಗಿ ಒಡೆದು ಬರುತ್ತದೆ. ಆದರೆ ಒಂದು ಪೈಸೆಯೂ ಖರ್ಚಾಗದ ತೀರ್ಮಾನವೇ ಸಂಘವನ್ನು ಮುರಿದುಹಾಕಬಲ್ಲದು. ಚುನಾವಣೆಯ ಕಾಲದಲ್ಲಿ ಸಂಘದ ಅಂಗಳವನ್ನು ಒಂದು ಪಕ್ಷದ ಸಭೆಗೆ ಬಿಟ್ಟುಕೊಡುವುದು, ಒಂದು ವಿವಾದದಲ್ಲಿ ಸಂಘದ ಹೆಸರಿನಲ್ಲಿ ಪತ್ರಿಕೆಗೆ ಹೇಳಿಕೆ ಕೊಡುವುದು, ಫ್ಲೆಕ್ಸಿನಲ್ಲಿ ಸಂಘದ ಹೆಸರು ಹಾಕಲು ಒಪ್ಪುವುದು, ಇವಕ್ಕೆ ಬಿಲ್ಲಿಲ್ಲ. ಒಂದೇ ವಾರ್ಡಿನಲ್ಲಿ ಮೂರು ಪಕ್ಷದ ಮನೆಗಳಿರುವ ನಮ್ಮ ಊರುಗಳಲ್ಲಿ, ಹೀಗೆ ಒಡೆದ ಸಂಘ ಕೂಡಿಕೊಳ್ಳಲು ವರ್ಷಗಳೇ ಬೇಕು.

ಆದ್ದರಿಂದ ಮೊತ್ತ ಎಷ್ಟೇ ಇರಲಿ, ಯಾವ ಪದಾಧಿಕಾರಿಯೂ ಒಬ್ಬನೇ ಮಾಡಕೂಡದ ಕೆಲಸಗಳನ್ನು ಪ್ರತ್ಯೇಕವಾಗಿ ಬರೆಯಿರಿ. ಸಾಲ ತೆಗೆಯುವುದು ಮತ್ತು ಜಾಮೀನು ನಿಲ್ಲುವುದು, ಜಾಗ ಕಟ್ಟಡಗಳನ್ನು ಕೊಳ್ಳುವುದು, ಮಾರುವುದು, ಬಾಡಿಗೆಗೆ ಕೊಡುವುದು, ಸಂಘದ ಹೆಸರಿನಲ್ಲಿ ಸಾರ್ವಜನಿಕ ನಿಲುವು ತಳೆಯುವುದು, ಸದಸ್ಯನನ್ನು ತೆಗೆದುಹಾಕುವುದು, ಇಷ್ಟು ಅದರಲ್ಲಿರಲಿ. ಸದಸ್ಯನನ್ನು ತೆಗೆಯುವ ವಿಷಯದಲ್ಲಿ ಆತನಿಗೆ ಮೊದಲೇ ಲಿಖಿತ ತಿಳಿವಳಿಕೆ ಕೊಟ್ಟು, ಉತ್ತರ ಕೇಳಿದ ಮೇಲೆಯೇ ಸಮಿತಿ ಕೂಡ ತೀರ್ಮಾನಿಸಬೇಕು.

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಪದಾಧಿಕಾರಿಯ ಸ್ವಂತ ಅಂಗಡಿಯಿಂದ ಅಥವಾ ಆತನ ಮನೆಯವರಿಂದ ಸಂಘಕ್ಕೆ ಸಾಮಾನು ಕೊಳ್ಳುವುದು. ಸಣ್ಣ ಊರಿನಲ್ಲಿ ಇದನ್ನು ಪೂರ್ತಿ ನಿಷೇಧಿಸಲು ಆಗುವುದಿಲ್ಲ. ಮೈಕ್ ಸೆಟ್ ಇರುವುದೇ ಒಬ್ಬರ ಹತ್ತಿರ, ಅವರೇ ಉಪಾಧ್ಯಕ್ಷರೂ ಆಗಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆ ಇಲ್ಲಿ ಒಳ್ಳೆಯ ದಾರಿ ತೋರಿಸುತ್ತದೆ. ಇನ್ನೊಬ್ಬರ ಪರವಾಗಿ ವ್ಯವಹರಿಸುವವನನ್ನು ಅದು ಏಜೆಂಟ್ ಎನ್ನುತ್ತದೆ. ಅವನು ಆ ವ್ಯವಹಾರದಲ್ಲಿ ತನ್ನ ಸ್ವಂತ ಹಿತವೂ ಇದ್ದರೆ ಎಲ್ಲವನ್ನೂ ತಿಳಿಸಿ ಮೊದಲೇ ಒಪ್ಪಿಗೆ ಪಡೆಯಬೇಕೆಂದು 215 ಮತ್ತು 216ನೆಯ ಕಲಮುಗಳ ತಾತ್ಪರ್ಯ. ಸಂಬಂಧವನ್ನು ಸಭೆಯಲ್ಲಿ ಹೇಳಲಿ, ಆ ಚರ್ಚೆಯ ಹೊತ್ತಿಗೆ ಹೊರಗೆ ಕುಳಿತುಕೊಳ್ಳಲಿ, ದರ ನಿರ್ಣಯ ಪುಸ್ತಕದಲ್ಲಿ ದಾಖಲಾಗಲಿ.

ಹಂತ 4: ಹುದ್ದೆಗಳಿಗೆ ಹಂಚಿ

ಅಧ್ಯಕ್ಷರು ಸಭೆಯನ್ನು ನಡೆಸುವವರು; ಸಮ ಮತ ಬಿದ್ದಾಗ ನಿರ್ಣಾಯಕ ಮತ ಹಾಕುವವರು. ದಿನದ ಆಡಳಿತ ಅವರದಲ್ಲ. ಗೌರವಾಧ್ಯಕ್ಷರಿಗೆ ಗೌರವವಿದೆ, ಅಧಿಕಾರವಿಲ್ಲ. ಇದನ್ನು ಬರೆದಿಡುವುದು ಅವರಿಗೂ ಒಳ್ಳೆಯದು. ದೈನಂದಿನ ಕೆಲಸದ ಸ್ವಾತಂತ್ರ್ಯ ಕಾರ್ಯದರ್ಶಿಗೆ ಸೇರಬೇಕು, ಆ ಸ್ವಾತಂತ್ರ್ಯ ಧಾರಾಳವಾಗಿರಬೇಕು.

ಕೋಶಾಧಿಕಾರಿಯ ವಿಷಯದಲ್ಲಿ ಮಾತ್ರ ನಾನು ತುಸು ಹೆಚ್ಚು ಹೇಳಬೇಕಾಗಿದೆ. ನಮ್ಮಲ್ಲಿ ಕೋಶಾಧಿಕಾರಿಯನ್ನು ಕಾರ್ಯದರ್ಶಿ ಹೇಳಿದಂತೆ ಚೆಕ್ಕು ಬರೆಯುವವನೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಸಂಘವನ್ನು ಕಾಯುವ ಅಧಿಕಾರವೆಂದರೆ ಕೋಶಾಧಿಕಾರಿಯ “ಆಗುವುದಿಲ್ಲ” ಎಂಬ ಮಾತು. ನಿರ್ಣಯ ಇಲ್ಲದೆ ಅಥವಾ ಮಿತಿ ಮೀರಿ ಬಂದ ಬಿಲ್ಲಿಗೆ ಹಣ ಕೊಡದಿರುವ ಹಕ್ಕು ಅವರಿಗಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಕಾರ್ಯದರ್ಶಿ ಮತ್ತು ಕೋಶಾಧಿಕಾರಿ ಒಂದೇ ಮನೆಯವರಾಗದಂತೆ ನೋಡಿಕೊಳ್ಳಿ. ನಾನು ಕೋಶಾಧಿಕಾರಿಯಾಗಿದ್ದ ಒಂದು ಸಂಘದಲ್ಲಿ, ಅಧ್ಯಕ್ಷರು ದೂರ ಹೋಗುವಾಗ ಇಡೀ ಚೆಕ್ ಪುಸ್ತಕದ ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಟ್ಟಿದ್ದರು, ನಾನು ಅದನ್ನು ತೆಗೆದುಕೊಂಡಿದ್ದೆ. ಹಣಕ್ಕೆ ತೊಂದರೆಯಾಗಲಿಲ್ಲ, ಆದರೆ ಆ ಎರಡು ತಿಂಗಳು ಎರಡು ಸಹಿಯ ನಿಯಮ, ಅಂದರೆ ಪ್ರತಿ ಚೆಕ್ಕಿಗೂ ಇಬ್ಬರು ಸಹಿ ಹಾಕಬೇಕೆಂಬುದು, ಕಾಗದದ ಮೇಲೆ ಮಾತ್ರ ಇತ್ತು, ಮತ್ತು ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ತಾನೇ ಮಾಡಬೇಕಾದ ಕೆಲಸವನ್ನು ಏಜೆಂಟ್ ಇನ್ನೊಬ್ಬರಿಗೆ ವಹಿಸಿಬಿಡುವಂತಿಲ್ಲ ಎಂಬುದು ಕರಾರು ಕಾಯ್ದೆಯ 190ನೆಯ ಕಲಮಿನ ಸಾರ. ಮೂವರ ಹೆಸರು ಬ್ಯಾಂಕಿಗೆ ಕೊಟ್ಟು, ಯಾರಾದರೂ ಇಬ್ಬರು ಸಹಿ ಹಾಕಿದರೆ ಸಾಕು ಎಂದು ಮಾಡಿಕೊಂಡರೆ ಇಂಥ ಸಂದರ್ಭವೇ ಬಾರದು.

ಯುಪಿಐ ಬಂದ ಮೇಲೆ ಎರಡು ಸಹಿಯ ಕಾವಲಿನಲ್ಲಿ ದೊಡ್ಡ ಕಂಡಿಯೊಂದು ಬಿದ್ದಿದೆ. ವಂತಿಗೆ ಸಂಗ್ರಹಕ್ಕೆ ಕಾರ್ಯದರ್ಶಿಯ ಸ್ವಂತ ಖಾತೆಯ ಕ್ಯೂಆರ್ ಚೀಟಿಯನ್ನು ಅಂಟಿಸಬೇಡಿ. ಹಣ ಸಂಘದ ಖಾತೆಗೇ ಬರುವಂತಿರಲಿ. ಸಂಘದ ಖಾತೆಯಿಂದ ಫೋನಿನ ಮೂಲಕ ಒಬ್ಬರೇ ಹಣ ಕಳಿಸುವ ವ್ಯವಸ್ಥೆ ಬೇಡ. ಅದರ ಬದಲು ತಿಂಗಳ ಮಿತಿಯಷ್ಟು ಹಣವನ್ನು ಚೆಕ್ಕಿನ ಮೂಲಕ ಕಾರ್ಯದರ್ಶಿಯ ಕೈಖರ್ಚಿಗೆ ಕೊಟ್ಟು, ಬಿಲ್ಲು ಒಪ್ಪಿಸಿದ ಮೇಲೆ ಮತ್ತೆ ತುಂಬಿಸಿ.

ಹಂತ 5: ತುರ್ತಿನ ಅಧಿಕಾರವನ್ನು ಕೊಡಿ, ಅದರ ಅಂಚನ್ನೂ ಗುರುತಿಸಿ

ಜೂನ್ ತಿಂಗಳ ಗಾಳಿಗೆ ಕಟ್ಟಡದ ಶೀಟು ಹಾರಿದಾಗ, ಕಬಡ್ಡಿ ಪಂದ್ಯಾಟದಲ್ಲಿ ಹುಡುಗನ ಕೈ ಮುರಿದಾಗ, ಸಭೆ ಕರೆಯಲು ಸಮಯವಿರುವುದಿಲ್ಲ. ಕರಾರು ಕಾಯ್ದೆಯ 189ನೆಯ ಕಲಮು ಇದನ್ನು ಚೆನ್ನಾಗಿ ಹೇಳುತ್ತದೆ: ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನದೇ ವಿಷಯದಲ್ಲಾದರೆ ನಷ್ಟ ತಪ್ಪಿಸಲು ಏನು ಮಾಡುತ್ತಿದ್ದನೋ ಅದನ್ನೆಲ್ಲ ಮಾಡುವ ಅಧಿಕಾರ ತುರ್ತಿನಲ್ಲಿ ಏಜೆಂಟನಿಗಿದೆ. ನಿಮ್ಮ ನಿಯಮವೂ ಇದೇ ಅಳತೆಯದಾಗಿರಲಿ. ಮೊದಲು ಕೆಲಸ, ಅದೇ ದಿನ ಅಧ್ಯಕ್ಷರಿಗೂ ಕೋಶಾಧಿಕಾರಿಗೂ ತಿಳಿವಳಿಕೆ, ಏಳು ದಿನದೊಳಗೆ ಸಮಿತಿಗೆ ಬಿಲ್ಲು ಸಹಿತ ವರದಿ. ಜೀವಕ್ಕೋ ಸ್ವತ್ತಿಗೋ ಹಾನಿಯಾಗುವ ಸಂದರ್ಭವೇ ತುರ್ತು. “ಈಗ ಒಪ್ಪದಿದ್ದರೆ ಒಳ್ಳೆಯ ದರ ಕೈತಪ್ಪುತ್ತದೆ” ಎಂಬುದು ತುರ್ತಲ್ಲ.

ಅಧಿಕಾರ ಮೀರಿ ಮಾಡಿದ್ದನ್ನು ಸಮಿತಿ ಆಮೇಲೆ ಒಪ್ಪಿಕೊಳ್ಳುವುದಕ್ಕೆ ಘಟನೋತ್ತರ ಅನುಮೋದನೆ ಎನ್ನುತ್ತಾರೆ. ಒಪ್ಪಿಕೊಳ್ಳುವವರಿಗೆ ಮುಖ್ಯ ಸಂಗತಿಗಳು ಸರಿಯಾಗಿ ಗೊತ್ತಿರದಿದ್ದರೆ ಆ ಅನುಮೋದನೆ ಊರ್ಜಿತವಲ್ಲ (198ನೆಯ ಕಲಮು). ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ಅರ್ಧ ವಿವರ ಹಾಕಿ, ಹತ್ತು ಹೆಬ್ಬೆರಳಿನ ಗುರುತು ಬಂತೆಂದು ಅದನ್ನು ನಿರ್ಣಯವೆಂದು ತಿಳಿಯಬೇಡಿ. ಗುಂಪಿನಲ್ಲಿ ಅಭಿಪ್ರಾಯ ಕೇಳಬಹುದು. ನಿರ್ಣಯವಾಗುವುದು ಕೋರಂ ಇರುವ ಸಭೆಯಲ್ಲಿ, ಪುಸ್ತಕದಲ್ಲಿ.

ಹಂತ 6: ಪದಾಧಿಕಾರಿಯನ್ನೂ ರಕ್ಷಿಸಿ

ಠಾಣೆಯಲ್ಲಿ ಧ್ವನಿವರ್ಧಕದ ಅನುಮತಿಗೆ ಅರ್ಜಿ ಹಾಕುವಾಗ ಸಹಿ ಕಾರ್ಯದರ್ಶಿಯದು. ಷರತ್ತು ಮೀರಿದರೆ ಕರೆ ಬರುವುದೂ ಅವರಿಗೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರಕಾರ ನಿಗದಿಪಡಿಸುವ ಕೆಲವೇ ಹಬ್ಬದ ದಿನಗಳಲ್ಲಿ ಮಧ್ಯರಾತ್ರಿ 12ರವರೆಗೆ ವಿನಾಯಿತಿ ಸಿಗಬಹುದು. “ಆಟ ಅರ್ಧಕ್ಕೆ ನಿಲ್ಲಿಸಲಾಗುತ್ತದೆಯೇ” ಎಂದು ಎಲ್ಲರೂ ಒತ್ತಾಯಿಸಿ, ಮರುದಿನ ಕಾರ್ಯದರ್ಶಿಯನ್ನು ಒಬ್ಬನೇ ಠಾಣೆಗೆ ಕಳಿಸುವುದು ಅನ್ಯಾಯ. ಸಮಯಕ್ಕೆ ಮೈಕ್ ನಿಲ್ಲಿಸುವ ಅಧಿಕಾರ ಆ ರಾತ್ರಿ ಅರ್ಜಿಗೆ ಸಹಿ ಹಾಕಿದವರಿಗೇ ಇರಬೇಕು, ಯಾವ ಹಿರಿಯರೂ ಅದನ್ನು ಮೀರಿ ಹೇಳುವಂತಿರಬಾರದು. ಒಪ್ಪಿಸಿದ ಕೆಲಸವನ್ನು ಕಾನೂನಿನೊಳಗೆ ಮಾಡುವಾಗ ಪದಾಧಿಕಾರಿಗೆ ಬರುವ ನಷ್ಟವನ್ನು ಸಂಘ ತುಂಬಿಕೊಡುತ್ತದೆ ಎಂಬ ಸಾಲನ್ನೂ ನಿರ್ಣಯದಲ್ಲಿ ಸೇರಿಸಿ. ಕರಾರು ಕಾಯ್ದೆಯ 222ನೆಯ ಕಲಮಿನ ತತ್ತ್ವವೂ ಅದೇ.

ಹಂತ 7: ಗಲ್ಫಿನಿಂದ ಬರುವ ಹಣಕ್ಕೆ ಪ್ರತ್ಯೇಕ ನಿಯಮ

ನಮ್ಮ ಸಂಘಗಳ ಅರ್ಧ ಬಲ ದುಬೈ, ಮಸ್ಕತ್, ದೋಹಾಗಳಲ್ಲಿದೆ. ಅಲ್ಲಿರುವ ಭಾರತೀಯ ಪ್ರಜೆಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮಾಮೂಲು ದಾರಿಯಲ್ಲಿ ಕಳಿಸುವ ದೇಣಿಗೆ ವಿದೇಶಿ ದೇಣಿಗೆಯಾಗುವುದಿಲ್ಲ. ಆದರೆ ಭಾರತೀಯ ಮೂಲದವರಾದರೂ ವಿದೇಶಿ ಪೌರತ್ವ ಪಡೆದವರು ಕೊಡುವುದು, ಹೊರದೇಶದಲ್ಲಿ ರೂಪುಗೊಂಡ ಸಂಘವೊಂದು ಸಂಘವಾಗಿ ಕೊಡುವುದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ಆದ್ದರಿಂದ ಹೊರದೇಶದಿಂದ ಬರುವ ಹಣಕ್ಕೆ ಯಾರೂ ಒಬ್ಬರೇ ಒಪ್ಪಿಗೆ ಕೊಡಬಾರದು. ಕಳಿಸುವವರ ಪೌರತ್ವ ಮತ್ತು ಹಣದ ಮೂಲ ಬರವಣಿಗೆಯಲ್ಲಿ ಬಂದ ಮೇಲೆ ಸಮಿತಿ ಒಪ್ಪಲಿ. ಇನ್ನೊಬ್ಬರ ಖಾತೆಯ ಮೂಲಕ ಸುತ್ತಿಸಿ ತರಿಸುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ.

ಹಂತ 8: ಮಹಾಸಭೆಯಲ್ಲಿ ನಿರ್ಣಯ ಮಾಡಿ

ಹಣದ ಮಿತಿಗಳನ್ನು ಬೈಲಾದೊಳಗೆ ತುರುಕಬೇಡಿ. ಬೆಲೆ ಏರಿದಾಗಲೆಲ್ಲ ತಿದ್ದುಪಡಿ ಮಾಡಿ ಕಚೇರಿಗೆ ಒಪ್ಪಿಸುವ ಕೆಲಸ ಬೀಳುತ್ತದೆ. ಮಹಾಸಭೆಯ ಸ್ಥಾಯಿ ನಿರ್ಣಯವಾಗಿ, ಅಂದರೆ ಬದಲಿಸುವವರೆಗೆ ಜಾರಿಯಲ್ಲಿರುವ ನಿರ್ಣಯವಾಗಿ ಮಾಡಿಕೊಳ್ಳಿ. ಹಂತ 3ರಲ್ಲಿ ಪ್ರತ್ಯೇಕವಾಗಿ ಬರೆದ, ಯಾರೂ ಒಬ್ಬರೇ ಮಾಡಕೂಡದ ಕೆಲಸಗಳ ಪಟ್ಟಿಯೇ ಇದರ ಅನುಬಂಧ. ಬರೆಯುವ ರೀತಿ ಹೀಗಿರಬಹುದು:

“ಕಾರ್ಯದರ್ಶಿಯವರು ಸಂಘದ ದೈನಂದಿನ ಕೆಲಸಗಳಿಗೆ ಒಂದು ಸಲಕ್ಕೆ 2,000 ರೂಪಾಯಿ ಹಾಗೂ ತಿಂಗಳಿಗೆ ಒಟ್ಟು 5,000 ರೂಪಾಯಿ ಮೀರದಂತೆ ಪೂರ್ವಾನುಮತಿಯಿಲ್ಲದೆ ಖರ್ಚು ಮಾಡಬಹುದು. ಅನುಬಂಧದಲ್ಲಿ ಹೇಳಿದ ವಿಷಯಗಳಲ್ಲಿ ಮೊತ್ತ ಎಷ್ಟೇ ಇದ್ದರೂ ಸಮಿತಿಯ ನಿರ್ಣಯ ಬೇಕು. ಈ ನಿರ್ಣಯಕ್ಕೆ ವಿರುದ್ಧವಾದ ಪಾವತಿಯನ್ನು ಕೋಶಾಧಿಕಾರಿಯವರು ತಡೆಯತಕ್ಕದ್ದು. ಈ ಮಿತಿಗಳನ್ನು ಪ್ರತಿ ವಾರ್ಷಿಕ ಮಹಾಸಭೆಯಲ್ಲಿ ಪುನಃ ಪರಿಶೀಲಿಸತಕ್ಕದ್ದು.”

ಮತ ಹಾಕುವ ಮೊದಲು ಸದಸ್ಯರ ಪಟ್ಟಿಯನ್ನು ನೋಡಿಕೊಳ್ಳಿ. ಮೂರು ತಿಂಗಳಿಗೂ ಮೀರಿ ಚಂದಾ ಬಾಕಿ ಇರುವವರಿಗೆ 1860ರ ಕಾಯ್ದೆಯ 15ನೆಯ ಕಲಮಿನಂತೆ ಮತದ ಹಕ್ಕಿಲ್ಲ. ಸಂಘದ ಉದ್ದೇಶವನ್ನೇ ಬದಲಿಸುವುದಾದರೆ ಸ್ಥಾಯಿ ನಿರ್ಣಯ ಸಾಲದು. 12ನೆಯ ಕಲಮಿನಂತೆ ಹತ್ತು ದಿನ ಮೊದಲು ಪ್ರಸ್ತಾವ ತಲುಪಿಸಿ, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಪಡೆದು, ಒಂದು ತಿಂಗಳ ಅಂತರದ ಮೇಲೆ ಕರೆದ ಎರಡನೆಯ ಸಭೆಯಲ್ಲಿ ಅಷ್ಟೇ ಬಹುಮತದಿಂದ ಖಚಿತಪಡಿಸಬೇಕು.

ಹಂತ 9: ಅಧಿಕಾರ ಮುಗಿಯುವ ದಿನವನ್ನೂ ನಿಶ್ಚಯಿಸಿ

ಹೊಸ ಸಮಿತಿ ಬಂದ ಮೇಲೂ ಹಳೆಯ ಕಾರ್ಯದರ್ಶಿಯ ಸಹಿಯೇ ಬ್ಯಾಂಕಿನಲ್ಲಿ ಇರುವುದು, ಮೊಹರು ಹಳಬರ ಮನೆಯಲ್ಲೇ ಉಳಿಯುವುದು ನಮ್ಮಲ್ಲಿ ಸಾಮಾನ್ಯ. ಹಸ್ತಾಂತರಕ್ಕೆ ಮಹಾಸಭೆಯಿಂದ ಹದಿನಾಲ್ಕು ದಿನಗಳ ಗಡುವು ಹಾಕಿ. ಹೊಸ ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗಗಳ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಒಪ್ಪಿಸಲು 4ನೆಯ ಕಲಮು ಕೊಡುವ ಅವಧಿಯೂ ಅಷ್ಟೇ ಆದ್ದರಿಂದ ಎರಡೂ ಒಟ್ಟಿಗೆ ಮುಗಿಯುತ್ತವೆ. ನಿರ್ಣಯ ಪುಸ್ತಕ, ನಗದು ಪುಸ್ತಕ, ಉಳಿದ ರಶೀದಿ ಪುಸ್ತಕಗಳು ಅವುಗಳ ಕ್ರಮಸಂಖ್ಯೆಯೊಂದಿಗೆ, ಚೆಕ್ ಪುಸ್ತಕ, ಮೊಹರು, ಪಾನ್ ಕಾರ್ಡ್, ಕೋಣೆಯ ಮತ್ತು ಕಪಾಟಿನ ಬೀಗದ ಕೈಗಳು, ವಾಟ್ಸಾಪ್ ಗುಂಪಿನ ಮತ್ತು ಇಮೇಲ್ ಖಾತೆಯ ನಿಯಂತ್ರಣ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟವರೂ ಪಡೆದವರೂ ಸಹಿ ಹಾಕಲಿ. ಉತ್ಸವ ಸಮಿತಿ, ಕಟ್ಟಡ ಸಮಿತಿಗಳಂಥ ತಾತ್ಕಾಲಿಕ ಸಮಿತಿಗಳ ಸಂಚಾಲಕರ ಅಧಿಕಾರ ಕಾರ್ಯಕ್ರಮ ಮುಗಿದು ಮೂವತ್ತು ದಿನಗಳೊಳಗೆ ಲೆಕ್ಕ ಮಂಡಿಸುವುದರೊಂದಿಗೆ ಮುಗಿಯುತ್ತದೆ ಎಂದು ನೇಮಕದ ನಿರ್ಣಯದಲ್ಲಿಯೇ ಬರೆಯಿರಿ. ಉಳಿದ ಹಣವನ್ನು ಮುಂದಿನ ವರ್ಷದ ಉತ್ಸವಕ್ಕೆಂದು ಅವರ ಕೈಯಲ್ಲಿ ಉಳಿಸದೆ ಅದೇ ದಿನ ಸಂಘದ ಖಾತೆಗೆ ಕಟ್ಟಿಸಿ.